‘ಐ ಆಮ್ ಬೋರಿಂಗ್’ ಅನ್ನಬೇಡಿ: ಇಂಗ್ಲಿಷ್ ಕ್ರಿಯಾಪದವನ್ನು ವಿಶೇಷಣ ಮಾಡುವ ಬಗೆ

ವಿರಾರ್ ಲೋಕಲ್‌ನಲ್ಲಿ ಒಂದು ಗಂಟೆಗೂ ಹೆಚ್ಚು ನಿಂತು ಚರ್ಚ್‌ಗೇಟಿಗೆ ಬಂದವರು ಆಫೀಸಿನಲ್ಲಿ ‘ಐ ಆಮ್ ಟೈರಿಂಗ್’ ಅಂದರೆ ಕೇಳಿದವರಿಗೆ ತಲುಪುವ ಅರ್ಥ ‘ನಾನು ಬೇರೆಯವರನ್ನು ದಣಿಸುವ ಮನುಷ್ಯ’ ಎಂದು. ಅವರು ಹೇಳಬೇಕಿದ್ದದ್ದು ‘ಐ ಆಮ್ ಟೈಯರ್ಡ್’. ‘ಐ ಆಮ್ ಬೋರಿಂಗ್’ ಕೂಡ ಇದೇ ಜಾತಿಯ ತಪ್ಪು, ಸರಿಯಾದದ್ದು ‘ಐ ಆಮ್ ಬೋರ್ಡ್’. ಮುಂಬಯಿ, ಪುಣೆಯಲ್ಲಿರುವ ಕನ್ನಡಿಗರಿಗೆ ಈ ತಪ್ಪು ಬಿಡಿಸಿಕೊಳ್ಳುವುದು ಇನ್ನಷ್ಟು ಕಷ್ಟ. ಮನೆಯಲ್ಲಿ ‘ನನಗೆ ಬೋರ್ ಆಗ್ತಿದೆ’, ಪಕ್ಕದ ಮನೆಯ ಮರಾಠಿಯಲ್ಲಿ ‘ಮಲಾ ಬೋರ್ ಹೋತಂಯ್’, ರಸ್ತೆಯ ಹಿಂದಿಯಲ್ಲಿ ‘ಮೈ ಬೋರ್ ಹೋ ರಹಾ ಹೂಂ’. ಮೂರರಲ್ಲೂ ‘ಆಗ್ತಾ ಇದೆ’ ಎನ್ನುವ ಭಾವ ಇದೆ. ‘ಆಗ್ತಾ ಇದೆ’ ಅಂದರೆ ಐಎನ್‌ಜಿ ಹಚ್ಚಬೇಕು ಎಂದು ಶಾಲೆಯಲ್ಲಿ ಕಲಿತಿದ್ದೇವೆ, ಹಚ್ಚುತ್ತೇವೆ. ತಪ್ಪು ಹುಟ್ಟುವುದು ಅಲ್ಲೇ.

ಕ್ರಿಯಾಪದದಿಂದ ಹುಟ್ಟಿ ನಾಮಪದವನ್ನು ವರ್ಣಿಸುವ ಪದಗಳಿಗೆ ಕನ್ನಡ ವ್ಯಾಕರಣದಲ್ಲಿ ಕೃದಂತ ಎಂಬ ಹೆಸರಿದೆ. ಮಾಡುವ, ಮಾಡಿದ, ಮಾಡದ. ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ಇರುವುದು ಎರಡೇ ರೂಪ: ಐಎನ್‌ಜಿ ರೂಪ, ಮತ್ತೆ ‘ಗೋ, ವೆಂಟ್, ಗಾನ್’ ಎಂದು ಬಾಯಿಪಾಠ ಮಾಡಿದ್ದರಲ್ಲಿ ಕೊನೆಗೆ ಬರುವ ಮೂರನೇ ರೂಪ. ಹೆಚ್ಚಿನ ಕ್ರಿಯಾಪದಗಳಿಗೆ ಮೂರನೇ ರೂಪ ಇ.ಡಿ. ಹಚ್ಚಿದರೆ ಆಯಿತು. ಬ್ರೋಕನ್, ಫ್ರೋಜನ್‌ನಂಥವು ಬೇರೆ.

ಒಂದೇ ಬಾಣಲೆ, ನಾಲ್ಕು ನಾಮಪದ

ಕನ್ನಡದ ಕೃದಂತ ಕಾಲವನ್ನು ಹೇಳುತ್ತದೆ. ‘ಕರಿಯುವ’ ಅಂದರೆ ಈಗ ಅಥವಾ ಮುಂದೆ, ‘ಕರಿದ’ ಅಂದರೆ ಮುಗಿದದ್ದು. ಆದರೆ ಯಾರು ಮಾಡಿದರು, ಯಾವುದರ ಮೇಲೆ ಆಯಿತು ಎನ್ನುವುದನ್ನು ಅದು ಹೇಳುವುದಿಲ್ಲ. ಅದನ್ನು ನಾವು ಸುತ್ತಲಿನ ಪದಗಳಿಂದ ತಿಳಿದುಕೊಳ್ಳುತ್ತೇವೆ. ಮಾಟುಂಗಾದ ಯಾವುದಾದರೂ ಉಡುಪಿ ಹೋಟೆಲಿನ ಅಡುಗೆಮನೆಯನ್ನು ನೆನೆಸಿಕೊಳ್ಳಿ:

ಭಟ್ಟರು ಕರಿದ ವಡೆ.
ವಡೆ ಕರಿದ ಭಟ್ಟರು.
ವಡೆ ಕರಿದ ಎಣ್ಣೆ.
ವಡೆ ಕರಿದ ಬಾಣಲೆ.

‘ಕರಿದ’ ಒಂದೇ. ಅದು ವಡೆಗೂ ಹೊಂದುತ್ತದೆ, ಭಟ್ಟರಿಗೂ ಹೊಂದುತ್ತದೆ, ಎಣ್ಣೆ ಬಾಣಲೆಗಳಿಗೂ ಹೊಂದುತ್ತದೆ. ಕನ್ನಡಿಗರು ಇದರಲ್ಲಿ ಒಂದು ಕ್ಷಣವೂ ತಡವರಿಸುವುದಿಲ್ಲ. ಇಂಗ್ಲಿಷಿನ ‘ಫ್ರೈಡ್’ ಮಾತ್ರ ವಡೆಗೆ ಬಿಟ್ಟು ಉಳಿದ ಮೂರಕ್ಕೂ ಹೊಂದುವುದಿಲ್ಲ. ‘ಫ್ರೈಡ್ ವಡಾ’ ಸರಿ. ‘ಫ್ರೈಡ್ ಕುಕ್’ ಅಂದರೆ ಭಟ್ಟರನ್ನೇ ಎಣ್ಣೆಗೆ ಹಾಕಿದ ಹಾಗೆ. ಅವರಿಗೆ ‘ದ ಕುಕ್ ಹೂ ಫ್ರೈಡ್ ದ ವಡಾಸ್’ ಎಂದೇ ಬಿಡಿಸಿ ಹೇಳಬೇಕು. ಎಣ್ಣೆಗೆ ‘ದ ಆಯಿಲ್ ದ ವಡಾಸ್ ವರ್ ಫ್ರೈಡ್ ಇನ್’, ಅಥವಾ ಬಳಸಿ ಉಳಿದದ್ದು ಎಂಬ ಅರ್ಥದಲ್ಲಿ ‘ಯೂಸ್ಡ್ ಆಯಿಲ್’. ಬಾಣಲೆಗೆ ‘ಫ್ರೈಯಿಂಗ್ ಪ್ಯಾನ್’ ಎಂಬ ಪದವಿದೆ ನಿಜ, ಆದರೆ ಅದರ ಅರ್ಥ ‘ಕರಿಯಲಿಕ್ಕೆ ಇರುವ ಪಾತ್ರೆ’, ‘ವಡೆ ಕರಿದ ಪಾತ್ರೆ’ ಅಲ್ಲ.

ಆದ್ದರಿಂದ ಇಂಗ್ಲಿಷಿಗೆ ಹೋಗುವಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಯಾವಾಗ?’ ಎಂದಲ್ಲ, ‘ಈ ನಾಮಪದ ಮಾಡಿತೋ, ಇದಕ್ಕೆ ಆಯಿತೋ?’ ಎಂದು. ಮಾಡುವುದಾದರೆ ಐಎನ್‌ಜಿ. ಆದದ್ದಾದರೆ ಮೂರನೇ ರೂಪ. ಕಾಲದ ಪ್ರಶ್ನೆ ಆಮೇಲೆ ಬರುತ್ತದೆ, ಹಲವು ಸಲ ಬರುವುದೇ ಇಲ್ಲ. ನಾಳೆ ನೋಡಲಿರುವ ಸಿನಿಮಾ ಕೂಡ ‘ಬೋರಿಂಗ್’ ಆಗಬಹುದು, ಹತ್ತು ವರ್ಷದ ಹಿಂದೆ ನೋಡಿದ್ದೂ ‘ಬೋರಿಂಗ್’ ಆಗಿರಬಹುದು.

‘ಇಸು’ ಪರೀಕ್ಷೆ

ಮನಸ್ಸಿಗೆ ಸಂಬಂಧಿಸಿದ ಕ್ರಿಯಾಪದಗಳಿಗೆ ಕನ್ನಡದಲ್ಲೇ ಒಂದು ಒಳ್ಳೆಯ ಅಳತೆಗೋಲು ಇದೆ. ವಿಶೇಷಣವನ್ನು ಕನ್ನಡದಲ್ಲಿ ಹೇಳಿ ನೋಡಿ. ‘ಇಸುವ’ ಎಂದು ಮುಗಿದರೆ ಐಎನ್‌ಜಿ ಹಾಕಿ. ‘ಗೊಂಡ’, ‘ಆದ’, ‘ಇದ’ ಎಂದು ತನ್ನ ಪಾಡಿಗೆ ಮುಗಿದರೆ ಮೂರನೇ ರೂಪ ಹಾಕಿ.

ದಣಿಸುವ ಪ್ರಯಾಣ, ಟೈರಿಂಗ್. ದಣಿದ ಪ್ರಯಾಣಿಕ, ಟೈಯರ್ಡ್.
ಗೊಂದಲಗೊಳಿಸುವ ಫಾರಂ, ಕನ್‌ಫ್ಯೂಸಿಂಗ್; ಗೊಂದಲಗೊಂಡ ಅರ್ಜಿದಾರ, ಕನ್‌ಫ್ಯೂಸ್ಡ್.
ಹೆದರಿಸುವ ಸದ್ದು, ಫ್ರೈಟನಿಂಗ್. ಹೆದರಿದ ಮಗು, ಫ್ರೈಟನ್ಡ್.
ಬೆರಗುಗೊಳಿಸುವ ನೋಟ, ಅಮೇಜಿಂಗ್. ಬೆರಗಾದ ಪ್ರವಾಸಿ, ಅಮೇಜ್ಡ್.
ಆಸಕ್ತಿ ಹುಟ್ಟಿಸುವ ಪಾಠ, ಇಂಟರೆಸ್ಟಿಂಗ್. ಆಸಕ್ತಿಗೊಂಡ ವಿದ್ಯಾರ್ಥಿ, ಇಂಟರೆಸ್ಟೆಡ್.

‘ಮನುಷ್ಯರಿಗೆ ಇ.ಡಿ., ವಸ್ತುಗಳಿಗೆ ಐಎನ್‌ಜಿ’ ಎಂಬ ಅಡ್ಡದಾರಿಯನ್ನು ಕೆಲವು ಕಡೆ ಹೇಳಿಕೊಡುತ್ತಾರೆ. ಅದನ್ನು ನಂಬಬೇಡಿ. ಕೇಳುಗರಲ್ಲಿ ಆಸಕ್ತಿ ಹುಟ್ಟಿಸುವ ಭಾಷಣಕಾರ್ತಿ ‘ಎನ್ ಇಂಟರೆಸ್ಟಿಂಗ್ ಸ್ಪೀಕರ್’. ಅವರು ಮನುಷ್ಯರೇ. ಹಾಗೆಯೇ ಮುಖ, ದನಿ, ನೋಟ, ನಗು ವಸ್ತುಗಳ ಲೆಕ್ಕಕ್ಕೆ ಬಂದರೂ ಅವು ಒಳಗಿನ ಮನುಷ್ಯನ ಸ್ಥಿತಿಯನ್ನು ತೋರಿಸುವುದರಿಂದ ‘ಎ ವರೀಡ್ ಲುಕ್’, ‘ಎ ಟೈಯರ್ಡ್ ಸ್ಮೈಲ್’ ಎಂದೇ ಬರುತ್ತವೆ.

ಪರೀಕ್ಷೆ ಸರಿಹೋದರೂ ಪದವೇ ಬೇರೆಯಾಗಿರುವ ಜಾಗಗಳನ್ನು ಬಾಯಿಪಾಠ ಮಾಡುವುದೇ ದಾರಿ. ‘ಇಂಪ್ರೆಸ್ಡ್’ ಇದೆ, ಆದರೆ ‘ಇಂಪ್ರೆಸಿಂಗ್’ ಅನ್ನುವುದಿಲ್ಲ, ‘ಇಂಪ್ರೆಸಿವ್’ ಅನ್ನಬೇಕು. ‘ಸ್ಕೇರ್ಡ್’ಗೆ ಜೋಡಿ ‘ಸ್ಕೇರಿ’. ‘ಸ್ಟ್ರೆಸ್ಡ್’ಗೆ ‘ಸ್ಟ್ರೆಸ್‌ಫುಲ್’, ‘ಡಿಲೈಟೆಡ್’ಗೆ ‘ಡಿಲೈಟ್‌ಫುಲ್’, ‘ಅಟ್ರಾಕ್ಟೆಡ್’ಗೆ ‘ಅಟ್ರಾಕ್ಟಿವ್’. ಮುಂಬಯಿಯಲ್ಲಿ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ‘ಐ ಆಮ್ ಟೆನ್ಸ್ಡ್’ ಕೂಡ ತಿದ್ದಬೇಕಾದದ್ದು. ಮನಸ್ಸಿನ ಆತಂಕಕ್ಕೆ ‘ಟೆನ್ಸ್’ ಎಂಬುದೇ ವಿಶೇಷಣ, ಬಾಲ ಬೇಡ.

ಮೂರನೇ ರೂಪ ಹಾಕಿದ ಮೇಲೆ ಯಾವ ಸಣ್ಣ ಪದ ಬರಬೇಕು ಎನ್ನುವುದರಲ್ಲೂ ಜಾರುವುದುಂಟು. ಇಂಟರೆಸ್ಟೆಡ್ ಇನ್, ವರೀಡ್ ಅಬೌಟ್, ಸ್ಯಾಟಿಸ್‌ಫೈಡ್ ವಿತ್, ಎಕ್ಸೈಟೆಡ್ ಅಬೌಟ್. ‘ಅವಳ ಜೊತೆ ಮದುವೆಯಾಗಿದೆ’ ಎಂದು ನಾವು ಹೇಳುವುದರಿಂದ ‘ಮ್ಯಾರೀಡ್ ವಿತ್’ ಬಾಯಿಗೆ ಬರುತ್ತದೆ, ಬೇಕಾದದ್ದು ‘ಮ್ಯಾರೀಡ್ ಟು’. ‘ಟೈಯರ್ಡ್’ಗೆ ಎರಡು ಬರುತ್ತವೆ, ಅರ್ಥ ಬೇರೆ ಬೇರೆ: ‘ಟೈಯರ್ಡ್ ಫ್ರಮ್ ದ ಜರ್ನಿ’ ಅಂದರೆ ಪ್ರಯಾಣದಿಂದ ದಣಿವು, ‘ಟೈಯರ್ಡ್ ಆಫ್ ದ ಜರ್ನಿ’ ಅಂದರೆ ಈ ಪ್ರಯಾಣ ಸಾಕಾಗಿಹೋಗಿದೆ.

ಕುದಿಯುವ ನೀರು, ಕುದಿಸಿದ ನೀರು

ಮನಸ್ಸಿನ ಮಾತು ಬಿಟ್ಟು ವಸ್ತುಗಳ ಬದಲಾವಣೆಗೆ ಬಂದರೆ ಕಾಲವೂ ಲೆಕ್ಕಕ್ಕೆ ಬರುತ್ತದೆ. ಮಳೆಗಾಲದಲ್ಲಿ ಡಾಕ್ಟರು ಕುಡಿಯಲು ಹೇಳುವುದು ‘ಬಾಯ್ಲ್ಡ್ ವಾಟರ್’. ‘ಬಾಯ್ಲಿಂಗ್ ವಾಟರ್’ ಕುಡಿದರೆ ಬಾಯಿ ಸುಡುತ್ತದೆ. ಮೊದಲನೆಯದು ಕುದಿಸಿ ಆರಿಸಿದ್ದು, ಎರಡನೆಯದು ಒಲೆಯ ಮೇಲೆ ಈಗ ಗುಳ್ಳೆ ಏಳುತ್ತಿರುವುದು. ಇಲ್ಲಿ ‘ಕುದಿಸಿದ’ದಲ್ಲಿಯೂ ‘ಇಸು’ ಇದೆಯಲ್ಲ ಎಂದು ಗಲಿಬಿಲಿ ಬೇಡ. ಐಎನ್‌ಜಿಗೆ ಹೋಗುವುದು ‘ಇಸುವ’ ಮಾತ್ರ. ‘ಇಸಿದ’ ಎಂದು ಬಂದು, ನಾಮಪದವೇ ಅದಕ್ಕೆ ಒಳಗಾಗಿದ್ದರೆ ಮೂರನೇ ರೂಪವೇ ಸರಿ.

ಅಕರ್ಮಕ ಕ್ರಿಯಾಪದಗಳಲ್ಲಿ, ಅಂದರೆ ಬೀಳು, ಓಡು, ಬರು ಎಂಬಂಥ ಕರ್ಮ ಬೇಡದವುಗಳಲ್ಲಿ, ನಮ್ಮವರು ತುಂಬಾ ಎಡವುತ್ತಾರೆ. ಬಿದ್ದ ಎಲೆ ‘ಫಾಲನ್ ಲೀಫ್’, ನಿವೃತ್ತರಾದ ಶಿಕ್ಷಕ ‘ರಿಟೈರ್ಡ್ ಟೀಚರ್’, ಊದಿದ ಕಾಲು ‘ಸ್ವೋಲನ್ ಫುಟ್’, ಬಣ್ಣ ಮಾಸಿದ ಅಂಗಿ ‘ಫೇಡೆಡ್ ಶರ್ಟ್’, ತಪ್ಪಿಸಿಕೊಂಡ ಕೈದಿ ‘ಎಸ್ಕೇಪ್ಡ್ ಪ್ರಿಸನರ್’. ಇವೆಲ್ಲ ಸರಿ. ಹಾಗೆಂದು ಮಲಗಿದ ಮಗು ‘ಸ್ಲೆಪ್ಟ್ ಬೇಬಿ’ ಆಗುವುದಿಲ್ಲ, ಓಡಿದ ಹುಡುಗ ‘ರನ್ ಬಾಯ್’ ಆಗುವುದಿಲ್ಲ, ಬಂದ ಅತಿಥಿ ‘ಕಮ್ ಗೆಸ್ಟ್’ ಆಗುವುದಿಲ್ಲ. ವ್ಯತ್ಯಾಸ ಇಷ್ಟೇ: ಕ್ರಿಯೆ ಮುಗಿದ ಮೇಲೆ ಆ ನಾಮಪದದ ಸ್ಥಿತಿಯೇ ಬದಲಾಗಿ ಉಳಿದಿದ್ದರೆ ಮೂರನೇ ರೂಪ ನಡೆಯುತ್ತದೆ. ಬಿದ್ದ ಎಲೆ ಇನ್ನು ಕೊಂಬೆಯಲ್ಲಿ ಇಲ್ಲ. ಓಡಿದ ಹುಡುಗ ಓಟ ನಿಲ್ಲಿಸಿದ ಮೇಲೆ ಅದೇ ಹುಡುಗ. ಇಂಥ ಕಡೆ ‘ದ ಬಾಯ್ ಹೂ ರ‍್ಯಾನ್’, ‘ದ ಗೆಸ್ಟ್ ಹೂ ಕೇಮ್’ ಎನ್ನಿ. ಮಗು ಇನ್ನೂ ನಿದ್ದೆಯಲ್ಲಿದ್ದರೆ ‘ಸ್ಲೀಪಿಂಗ್ ಬೇಬಿ’.

ಪುಣೆಯ ಹಿಂಜೆವಾಡಿಯಲ್ಲಿ ಕೆಲಸಕ್ಕೆ ಅರ್ಜಿ ಹಾಕುವವರು ‘ಪಾಸ್ಡ್ ಔಟ್’ ಎಂದು ಬರೆಯುವುದನ್ನೂ ಇಲ್ಲೇ ಹೇಳಿಬಿಡಬೇಕು. ಭಾರತದ ಒಳಗೆ ಅದು ನಡೆದೀತು. ಹೊರದೇಶದ ಮ್ಯಾನೇಜರ್ ಓದಿದರೆ ಪ್ರಜ್ಞೆ ತಪ್ಪಿದವರು ಎಂಬ ಅರ್ಥ ಮೊದಲು ಹೊಳೆಯುತ್ತದೆ. ‘ಗ್ರಾಜುಯೇಟೆಡ್ ಇನ್ 2021’ ಎಂದು ಬರೆದರೆ ಎಲ್ಲರಿಗೂ ಒಂದೇ ಅರ್ಥ.

‘ಒಗೆಯದ ಬಟ್ಟೆ’ಯಂಥ ನಿಷೇಧ ಕೃದಂತಕ್ಕೆ ಹಲವು ಸಲ ‘ಅನ್’ ಸೇರಿಸಿದರೆ ಸಾಕು: ಅನ್‌ವಾಶ್ಡ್ ಕ್ಲೋತ್ಸ್, ಅನ್‌ಕುಕ್ಡ್ ರೈಸ್, ಅನ್‌ರೆಡ್ ಬುಕ್. ಅಲ್ಲೂ ಬಾಣಲೆಯ ನಿಯಮವೇ. ‘ಓದದ ಪುಸ್ತಕ’ಕ್ಕೆ ಅನ್‌ರೆಡ್ ಆಯಿತು, ‘ಓದದ ಹುಡುಗ’ನಿಗೆ ಆಗುವುದಿಲ್ಲ. ಅವನು ‘ಎ ಬಾಯ್ ಹೂ ಡಸಂಟ್ ಸ್ಟಡಿ’.

ನಾಮಪದದ ಮುಂಚೆಯೋ, ಆಮೇಲೆಯೋ

ಕನ್ನಡದಲ್ಲಿ ಎಷ್ಟು ಉದ್ದದ ವರ್ಣನೆಯಾದರೂ ನಾಮಪದಕ್ಕಿಂತ ಮುಂಚೆಯೇ ನಿಲ್ಲುತ್ತದೆ: ‘ಥಾಣೆಯಲ್ಲಿ ನಿಲ್ಲದೆ ಕಲ್ಯಾಣಕ್ಕೆ ಹೋಗುವ ರೈಲು’. ಇಂಗ್ಲಿಷಿನಲ್ಲಿ ಒಂದೇ ಪದವಾದರೆ ಮುಂಚೆ, ಕೃದಂತದ ನಂತರ ಬೇರೆ ಪದಗಳ ಬಾಲ ಇದ್ದರೆ ಆಮೇಲೆ. ‘ಎ ಮೂವಿಂಗ್ ಟ್ರೇನ್’ ಸರಿ. ‘ಎ ಗೋಯಿಂಗ್ ಟು ಕಲ್ಯಾಣ್ ಟ್ರೇನ್’ ತಪ್ಪು, ‘ಎ ಟ್ರೇನ್ ಗೋಯಿಂಗ್ ಟು ಕಲ್ಯಾಣ್’ ಸರಿ. ‘ಎ ಸ್ಟೋಲನ್ ಫೋನ್’, ಆದರೆ ‘ಎ ಫೋನ್ ಸ್ಟೋಲನ್ ಅಟ್ ದಾದರ್’.

ಹೀಗೆ ಆಮೇಲೆ ಬರುವ ಐಎನ್‌ಜಿ ರೂಪಕ್ಕೆ ಒಂದು ಮಿತಿ ಇದೆ. ಮುಗಿದುಹೋದ ಘಟನೆಗೆ ಅದು ಒಗ್ಗುವುದಿಲ್ಲ. ‘ನಿನ್ನೆ ಬಂದ ಹುಡುಗ ಇಲ್ಲಿದ್ದಾನೆ’ ಎನ್ನಲು ‘ದ ಬಾಯ್ ಕಮಿಂಗ್ ಯೆಸ್ಟರ್‌ಡೇ’ ಅನ್ನಬಾರದು, ‘ದ ಬಾಯ್ ಹೂ ಕೇಮ್ ಯೆಸ್ಟರ್‌ಡೇ’ ಅನ್ನಬೇಕು. ‘ಕಾರು ಇರುವವರು’ ಎನ್ನಲು ‘ಪರ್ಸನ್ಸ್ ಹ್ಯಾವಿಂಗ್ ಕಾರ್’ ಎಂದು ಸೊಸೈಟಿಯ ನೋಟಿಸ್ ಬೋರ್ಡಿನಲ್ಲಿ ಬರೆಯುತ್ತಾರೆ. ‘ಮೆಂಬರ್ಸ್ ವಿತ್ ಕಾರ್ಸ್’ ಎಂದರೆ ಚಿಕ್ಕದೂ ಹೌದು, ಚೆನ್ನಾಗಿಯೂ ಇರುತ್ತದೆ.

ಜಾಗ ಬದಲಾದರೆ ಅರ್ಥವೇ ಬದಲಾಗುವ ಒಂದು ಪದ ಸರ್ಕಾರಿ ಪತ್ರಗಳಲ್ಲಿ ದಿನವೂ ಬರುತ್ತದೆ. ‘ಸಂಬಂಧಪಟ್ಟ ಅಧಿಕಾರಿ’ಗೆ ‘ದ ಕನ್ಸರ್ನ್ಡ್ ಆಫೀಸರ್’ ಎಂದು ಬರೆಯುವ ರೂಢಿ ನಮ್ಮ ದೇಶದ ಕಚೇರಿಗಳಲ್ಲಿ ಬೇರೂರಿದೆ. ನಿಖರವಾಗಿ ನೋಡಿದರೆ ಅದು ‘ಚಿಂತೆಗೊಳಗಾದ ಅಧಿಕಾರಿ’. ಸಂಬಂಧಪಟ್ಟವರು ಬೇಕಾದರೆ ‘ದ ಆಫೀಸರ್ ಕನ್ಸರ್ನ್ಡ್’. ‘ಇನ್ವಾಲ್ವ್ಡ್’ ಕೂಡ ಹಾಗೆಯೇ: ‘ದ ಪೀಪಲ್ ಇನ್ವಾಲ್ವ್ಡ್’ ಅಂದರೆ ಅದರಲ್ಲಿ ಭಾಗಿಯಾದವರು, ‘ಎನ್ ಇನ್ವಾಲ್ವ್ಡ್ ಸ್ಟೋರಿ’ ಅಂದರೆ ಸಿಕ್ಕುಸಿಕ್ಕಾದ ಕಥೆ. ಪಾಲಿಕೆಗೋ ಬ್ಯಾಂಕಿಗೋ ಪತ್ರ ಬರೆಯುವಾಗ ಈ ಒಂದು ತಿದ್ದುಪಡಿ ಮಾಡಿಕೊಳ್ಳಿ.

ಮೆನು ಬೋರ್ಡ್ ತಿದ್ದುವುದು

ಮುಂಬಯಿ, ಪುಣೆಯ ಖಾನಾವಳಿಗಳ ಬೋರ್ಡಿನಲ್ಲಿ ‘ಬಾಯ್ಲ್ ಎಗ್’, ‘ಮಿಕ್ಸ್ ವೆಜ್’, ‘ಗ್ರಿಲ್ ಸ್ಯಾಂಡ್‌ವಿಚ್’, ‘ಫ್ರೈ ರೈಸ್’ ಎಂದು ಕಾಣುತ್ತದೆ. ಎಲ್ಲದರಲ್ಲೂ ಬಾಲ ಉದುರಿದೆ. ಕಾರಣ ಅಜ್ಞಾನಕ್ಕಿಂತ ಹೆಚ್ಚಾಗಿ ಕಿವಿ. ‘ಮಿಕ್ಸ್ಡ್ ವೆಜ್’ ಅನ್ನುವಾಗ ಕೊನೆಯ ಸದ್ದು ಮುಂದಿನ ವಕಾರದಲ್ಲಿ ಮುಳುಗಿಹೋಗುತ್ತದೆ, ಕೇಳಿದ ಹಾಗೆ ಬರೆಯುತ್ತಾರೆ. ಬೋರ್ಡ್ ಬರೆಸುವವರು ಹೀಗೆ ಮಾಡಿ: ಪ್ರತಿ ಹೆಸರನ್ನೂ ಕನ್ನಡದಲ್ಲಿ ಹೇಳಿಕೊಳ್ಳಿ. ಬೇಯಿಸಿದ ಮೊಟ್ಟೆ, ಬೆರೆಸಿದ ತರಕಾರಿ. ‘ಇದ’ ಕೇಳಿಸಿದರೆ ಇಂಗ್ಲಿಷಿನಲ್ಲಿ ಮೂರನೇ ರೂಪ ಇರಲೇಬೇಕು. ಬಾಯ್ಲ್ಡ್ ಎಗ್, ಮಿಕ್ಸ್ಡ್ ವೆಜ್, ಗ್ರಿಲ್ಡ್ ಸ್ಯಾಂಡ್‌ವಿಚ್, ಫ್ರೈಡ್ ರೈಸ್. ‘ರೋಸ್ಟ್ ಚಿಕನ್’ ಮಾತ್ರ ಹಾಗೆಯೇ ಇರಲಿ. ಅಲ್ಲಿ ‘ರೋಸ್ಟ್’ ಎಂಬುದೇ ಹಳೆಯ ವಿಶೇಷಣ. ಕಡಲೆಕಾಯಿಗೆ, ರವೆಗೆ ಬಂದಾಗ ‘ರೋಸ್ಟೆಡ್’.

ಅಡುಗೆ ವಿಧಾನವನ್ನು ಇಂಗ್ಲಿಷಿನಲ್ಲಿ ಬರೆಯುವುದು ಈ ರೂಪಗಳ ಅತ್ಯುತ್ತಮ ಅಭ್ಯಾಸ, ಯಾಕೆಂದರೆ ಸಾಮಾನಿನ ಪಟ್ಟಿಯೇ ಕೃದಂತಗಳ ಪಟ್ಟಿ. ನೆನೆಸಿದ ಅಕ್ಕಿ ಸೋಕ್ಡ್ ರೈಸ್, ತುರಿದ ಕಾಯಿ ಗ್ರೇಟೆಡ್ ಕೋಕನಟ್, ಹೆಚ್ಚಿದ ಈರುಳ್ಳಿ ಚಾಪ್ಡ್ ಆನಿಯನ್, ಹುದುಗಿದ ಹಿಟ್ಟು ಫರ್ಮೆಂಟೆಡ್ ಬ್ಯಾಟರ್, ಒಡೆದ ಗೋಧಿ ಬ್ರೋಕನ್ ವೀಟ್. ರುಬ್ಬಿದ ಮಸಾಲೆಗೆ ಬಂದಾಗ ನಿಧಾನಿಸಿ: ‘ಗ್ರೈಂಡೆಡ್’ ಎಂಬ ಪದವೇ ಇಲ್ಲ, ‘ಗ್ರೌಂಡ್ ಮಸಾಲಾ’. ಗೊಟಾಯಿಸಿದ ಮೊಟ್ಟೆ ‘ಬೀಟನ್ ಎಗ್’. ಕರಗಿದ ತುಪ್ಪ ‘ಮೆಲ್ಟೆಡ್ ಘೀ’. ‘ಮೋಲ್ಟನ್’ ಎಂಬ ಹಳೆಯ ರೂಪವೂ ಇದೆ, ಆದರೆ ಅದು ಹೆಚ್ಚಾಗಿ ಕುಲುಮೆಯ ಲೋಹ, ಗಾಜು, ಲಾವಾದಂಥ ಸುಡುವ ವಸ್ತುಗಳಿಗೆ. ಗೋವಾದ ಮಾಪುಸಾ ಪೇಟೆಯಲ್ಲಿ ಮಳೆಗಾಲಕ್ಕೆ ಮುಂಚೆ ಕೊಂಡಿಡುವ ಒಣಮೀನಿಗೆ ‘ಡ್ರೈ ಫಿಶ್’ ಎಂದು ಎಲ್ಲರೂ ಅನ್ನುತ್ತಾರೆ. ‘ಡ್ರೈ’ ಅಂದರೆ ಒದ್ದೆಯಿಲ್ಲದ್ದು, ಅಷ್ಟೇ. ಬಿಸಿಲಿಗೆ ಹಾಕಿ ಒಣಗಿಸಿದ್ದು ‘ಡ್ರೈಡ್ ಫಿಶ್’.

ಇದಕ್ಕೆ ತಿರುಗಾಮುರುಗ ತಪ್ಪೂ ಇದೆ, ಬೇಡದ ಕಡೆ ಬಾಲ ಹಚ್ಚುವುದು. ‘ಅಂಗಡಿ ತೆರೆದಿದೆ’ ಎನ್ನಲು ‘ದ ಶಾಪ್ ಈಸ್ ಓಪನ್ಡ್’ ಎಂದು ಹೇಳುತ್ತಾರೆ. ಮುಚ್ಚಿದ ಅಂಗಡಿ ‘ಕ್ಲೋಸ್ಡ್’, ತೆರೆದ ಅಂಗಡಿ ಬರೀ ‘ಓಪನ್’. ಭಾಷೆಯಲ್ಲಿ ಮೊದಲೇ ಒಂದು ವಿಶೇಷಣ ಸಿದ್ಧವಾಗಿದ್ದರೆ ಸ್ಥಿತಿಯನ್ನು ಹೇಳಲು ಅದನ್ನೇ ಬಳಸಬೇಕು.

ಬಾಯಲ್ಲಿ ಹೇಳುವಾಗ ‘ಕುಕ್ಕೆಡ್’, ‘ಬೋರೆಡ್’ ಎಂದು ಬಿಡಿಸಿ ಹೇಳಬೇಡಿ. ‘ಎಡ್’ ಎಂಬ ಪೂರ್ತಿ ಸದ್ದು ಬರುವುದು ಮೂಲಪದ ಟ ಅಥವಾ ಡ ಸದ್ದಿನಲ್ಲಿ ಮುಗಿದಾಗ: ಸಾಲ್ಟೆಡ್, ಗ್ರೇಟೆಡ್, ಫೇಡೆಡ್. ಪ, ಕ, ಸ, ಶ, ಚ, ಫ ಸದ್ದುಗಳ ನಂತರ ಬರೆಯುವುದು ಡಿ, ಕೇಳಿಸುವುದು ಟ್: ಕುಕ್ಟ್, ಚಾಪ್ಟ್, ಮ್ಯಾಶ್ಟ್. ಉಳಿದ ಕಡೆ ಡ್. ವಿಶೇಷಣವಾದಾಗ ಮಾತ್ರ ಉಚ್ಚಾರ ಬದಲಾಗುವ ಕೆಲವು ಪದಗಳಿವೆ. ‘ಏಜ್ಡ್ 60’ ಎಂದು ವಯಸ್ಸು ಹೇಳುವಾಗ ಪದ ಒಂದೇ ತುಂಡು, ‘ಎನ್ ಏಜಿಡ್ ಮ್ಯಾನ್’ ಅನ್ನುವಾಗ ಎರಡು. ವಿದ್ವಾಂಸರಿಗೆ ಅನ್ವಯಿಸುವ ‘ಲರ್ನಿಡ್’ ಕೂಡ ಹಾಗೆಯೇ.

ಜೋಡಿ ಪದಗಳಿಗೆ ಬಂದರೆ, ನಾಮಪದದ ಮುಂಚೆ ನಿಂತಾಗ ನಡುವೆ ಅಡ್ಡಗೆರೆ ಹಾಕಿ: ‘ಕನ್ನಡ-ಸ್ಪೀಕಿಂಗ್ ಫ್ಯಾಮಿಲೀಸ್’, ‘ಪುಣೆ-ಬೇಸ್ಡ್ ಕಂಪನಿ’, ‘ಎ ವೆಲ್-ನೋನ್ ಸಿಂಗರ್’. ‘ಶಿ ಈಸ್ ವೆಲ್ ನೋನ್’ ಎಂದು ಕೊನೆಗೆ ಬಂದಾಗ ಗೆರೆ ಬೇಡ. ‘ನ್ಯೂಲಿ ಓಪನ್ಡ್ ಬ್ರಾಂಚ್’ನಂತೆ ‘ಲಿ’ ಎಂದು ಮುಗಿಯುವ ಕ್ರಿಯಾವಿಶೇಷಣ ಮುಂದಿದ್ದರೂ ಬೇಡ. ಈ ಜೋಡಿಗಳಲ್ಲಿಯೂ ಮೊದಲಿನ ಪ್ರಶ್ನೆಯೇ ಕೆಲಸ ಮಾಡುತ್ತದೆ. ಕುಟುಂಬ ಮಾತಾಡುತ್ತದೆ, ಆದ್ದರಿಂದ ಸ್ಪೀಕಿಂಗ್. ಗಾಯಕಿಯನ್ನು ಜನ ಬಲ್ಲರು, ಆದ್ದರಿಂದ ನೋನ್.

ಈಗ ಒಂದು ಪೂರ್ತಿ ವಾಕ್ಯ ತೆಗೆದುಕೊಂಡು ಮಾಡಿ ನೋಡಿ: ‘ನಿನ್ನೆ ಪುಣೆಯಿಂದ ಬಂದ, ಮಳೆಯಲ್ಲಿ ನೆನೆದ ಹುಡುಗ ಅಮ್ಮ ಕೊಟ್ಟ ಕುದಿಯುವ ಚಹಾ ಕುಡಿಯಲಾರದೆ ಕೂತ.’ ಇದರಲ್ಲಿ ನಾಲ್ಕು ಕೃದಂತಗಳಿವೆ, ಒಂದೊಂದನ್ನೇ ಕೇಳಿ. ‘ಬಂದ’: ಹುಡುಗನೇ ಮಾಡಿದ್ದು, ಮುಗಿದಿದೆ, ಸ್ಥಿತಿ ಬದಲಾಗಿಲ್ಲ, ಹಾಗಾಗಿ ‘ಹೂ ಕೇಮ್’. ‘ನೆನೆದ’: ಅವನಿಗೆ ಆದದ್ದು, ಆದ್ದರಿಂದ ‘ಸೋಕ್ಡ್’, ಮಳೆಯನ್ನೂ ಸೇರಿಸಿದರೆ ‘ರೈನ್-ಸೋಕ್ಡ್’. ‘ಕೊಟ್ಟ’: ಚಹಾ ಕೊಡಲ್ಪಟ್ಟದ್ದು, ಬಾಲವೂ ಇದೆ, ಆದ್ದರಿಂದ ಆಮೇಲೆ ಬಂದು ‘ಗಿವನ್ ಬೈ ಹಿಸ್ ಮದರ್’. ‘ಕುದಿಯುವ’: ಈಗಲೂ ನಡೆಯುತ್ತಿದೆ, ‘ಬಾಯ್ಲಿಂಗ್’. ಜೋಡಿಸಿದರೆ: ‘ದ ರೈನ್-ಸೋಕ್ಡ್ ಬಾಯ್ ಹೂ ಕೇಮ್ ಫ್ರಮ್ ಪುಣೆ ಯೆಸ್ಟರ್‌ಡೇ ಸ್ಯಾಟ್ ದೇರ್, ಅನೇಬಲ್ ಟು ಡ್ರಿಂಕ್ ದ ಬಾಯ್ಲಿಂಗ್ ಟೀ ಗಿವನ್ ಬೈ ಹಿಸ್ ಮದರ್.’ ಕೊನೆಯ ತುಂಡನ್ನು ‘ಹಿಸ್ ಮದರ್ ಹ್ಯಾಡ್ ಗಿವನ್ ಹಿಮ್’ ಎಂದರೆ ಇನ್ನೂ ಸಹಜ. ನಾಳೆ ಲೋಕಲ್‌ನಲ್ಲಿ ಕೂತಾಗ ಕನ್ನಡ ಪತ್ರಿಕೆಯ ಒಂದು ವಾಕ್ಯ ಆರಿಸಿ, ಅದರ ಕೃದಂತಗಳಿಗೆ ಗೆರೆ ಎಳೆದು ಇದೇ ಕ್ರಮದಲ್ಲಿ ಬಿಡಿಸಿ.